ನಾಲ್ಕು ಗಾಳದ ಕೋಲು, ನಾನು ಆರಿಸಿದ ದಾರ

ಡಾಕ್ಟರಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು. "ನಿಮಗೆ ಮೀನು ಗಾಳದ ವಿಷಯ ಗೊತ್ತುಂಟಾ?"

"ಗೊತ್ತು ಮೇಡಂ" ಎಂದೆ.

ಗೊತ್ತಿರಲಿಲ್ಲ. ಈ ಕೆಲಸಕ್ಕೆ ಸೇರುವ ಮೊದಲು ಮತ್ತಿಗಿರಿಯಲ್ಲಿ ನೆಲೆಸಿದ್ದ ನಿವೃತ್ತ ಇಂಗ್ಲಿಷ್ ದೊರೆಯೊಬ್ಬರ ಬಳಿ ಎರಡು ವರ್ಷ ಪತ್ರ ಬರೆಯುವ ಕೆಲಸ ಮಾಡಿದ್ದೆ. ಅವರು ದಕ್ಷಿಣ ಪಿನಾಕಿನಿ ನದಿಯಲ್ಲಿ ಗಾಳ ಹಾಕುತ್ತಿದ್ದರು. ಇಂಗ್ಲೆಂಡಿನಿಂದ ಕೋಲು, ದಾರ, ಕೊಕ್ಕೆ ತರಿಸಲು ಅವರು ಹೇಳಿದ್ದನ್ನು ನಾನು ದುಂಡಗಿನ ಅಕ್ಷರದಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದೆ. ಹೀಗಾಗಿ ಸಾಮಾನುಗಳ ಹೆಸರುಗಳೆಲ್ಲ ನಾಲಿಗೆಯ ಮೇಲಿದ್ದವು. ಕೋಲನ್ನು ಕೈಯಲ್ಲಿ ಹಿಡಿದದ್ದು ಎರಡೇ ಸಲ, ಅದೂ ಒರೆಸಿ ಚೀಲಕ್ಕೆ ಹಾಕುವುದಕ್ಕೆ. ಹೆಸರು ಗೊತ್ತಿದ್ದರೆ ವಸ್ತು ಗೊತ್ತಿದ್ದಂತೆಯೇ ಎಂದು ಆಗ ನಂಬಿಕೊಂಡಿದ್ದೆನೋ, ಇಲ್ಲ ಡಾಕ್ಟರಮ್ಮನ ಮುಂದೆ ಸಣ್ಣವನಾಗಲು ಇಷ್ಟವಿರಲಿಲ್ಲವೋ. ಎರಡನೆಯದೇ ಇರಬೇಕು.

ಬರ್ಮಾ ಕಡೆಯಿಂದ ಗಾಯಾಳುಗಳು ಬರುತ್ತಿದ್ದ ಯುದ್ಧದ ವರ್ಷಗಳು ಅವು. ಗಾಯ ಮಾಗಿದ ಮೇಲೆ ಸಿಪಾಯಿಗಳು ಚೇತರಿಸಿಕೊಳ್ಳಲಿ ಎಂದು ಮತ್ತಿಗಿರಿಯ ಆಚೆ ಒಂದು ಆರೈಕೆ ಕೇಂದ್ರ ನಡೆಯುತ್ತಿತ್ತು. ನಾನು ಅಲ್ಲಿಯ ಉಗ್ರಾಣದ ಗುಮಾಸ್ತ. ಹೊದಿಕೆ, ಫಿನಾಯಿಲು, ಸೋಪು, ಕಸದ ಬುಟ್ಟಿ, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಡಾಕ್ಟರಮ್ಮ ಮಂಗಳೂರಿನ ಕಡೆಯವರು. ಭುಜಕ್ಕೆ ಗುಂಡು ತಗುಲಿ ಬಂದವರ ತೋಳು ಮರಗಟ್ಟಿ ಹೋಗುವುದೇ ಅವರಿಗೆ ದೊಡ್ಡ ತಲೆನೋವಾಗಿತ್ತು. ಗಾಯ ಒಣಗಿದರೂ ತೋಳು ಮೇಲೇಳುತ್ತಿರಲಿಲ್ಲ. ರಾಟೆಗೆ ಮರಳಿನ ಚೀಲ ಕಟ್ಟಿ ಎಳೆಸಿದರೆ ಹುಡುಗರು ಎರಡು ದಿನ ಎಳೆದು ಮೂರನೆಯ ದಿನ ತಲೆನೋವು ಎಂದು ಮಲಗಿಬಿಡುತ್ತಿದ್ದರು.

ಅವರ ಗುರುಗಳಾಗಿದ್ದ ಹಿರಿಯ ವೈದ್ಯರೊಬ್ಬರು ಒಂದು ಉಪಾಯ ಬರೆದು ಕಳಿಸಿದ್ದರು. ಗಾಳದಲ್ಲಿ ಒಂದು ಬಗೆ ಇದೆ; ಕೊಕ್ಕೆಗೆ ಹುಳು ಸಿಕ್ಕಿಸುವುದಿಲ್ಲ, ಹಕ್ಕಿಯ ಪುಕ್ಕ ಸುತ್ತಿ ನೊಣದ ಹಾಗೆ ಮಾಡುತ್ತಾರೆ. ಆ ನೊಣವನ್ನು ನೀರಿನ ಮೇಲೆ ದೂರ ಇಳಿಸಲು ಕೋಲನ್ನು ಹಿಂದಕ್ಕೂ ಮುಂದಕ್ಕೂ ಒಂದು ಲಯದಲ್ಲಿ ಬೀಸಬೇಕು. ಆ ಬೀಸು ಭುಜವನ್ನು ಮೆಲ್ಲಗೆ ಬಿಡಿಸುತ್ತದೆ, ಮೀನಿನ ಆಸೆಗೆ ಹುಡುಗರು ಬೇಸರಪಡುವುದಿಲ್ಲ. ನಮ್ಮ ಕಾಂಪೌಂಡಿನ ಹಿಂದೆಯೇ ಕೆರೆ. ಗೆಂಡೆ ಮೀನು ಬೇಕಾದಷ್ಟಿತ್ತು.

"ನಾಲ್ಕು ಕೋಲು, ನಾಲ್ಕು ದಾರ ಬೇಕು. ನೂರ ನಲವತ್ತು ರೂಪಾಯಿ ಮಂಜೂರಾಗಿದೆ. ಅದರ ಮೇಲೆ ಒಂದು ಪೈಸೆಯೂ ಸಿಕ್ಕುವುದಿಲ್ಲ ಮಾರಾಯ್ರೆ. ಹೇಗೆ ಹೊಂದಿಸ್ತೀರೋ ನೀವೇ ನೋಡಿ. ಇದರಲ್ಲಿ ನನಗೆ ಏನೇನೂ ಗೊತ್ತಿಲ್ಲ" ಎಂದರು ಡಾಕ್ಟರಮ್ಮ.

ಅಷ್ಟು ಓದಿದವರು ಅಷ್ಟು ಸುಲಭವಾಗಿ ಗೊತ್ತಿಲ್ಲ ಅನ್ನುವುದನ್ನು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ.

ಸಾನಮಾವಿನ ಕಾಡಿನಂಚಿನ ಹಳ್ಳಿಯಿಂದ ಬಿದಿರು ಕೆಲಸದ ಹೆಂಗಸೊಬ್ಬಳು ನಮ್ಮ ಉಗ್ರಾಣಕ್ಕೆ ಬುಟ್ಟಿ, ಮೊರ, ತಡಿಕೆ ಹಾಕುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಜೀವ. ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳ ಜೊತೆ ಕೂತು ಬಿದಿರು ಸೀಳುತ್ತಿದ್ದಳು. ದೊರೆಯ ಕೋಲುಗಳ ತುದಿ ಮುರಿದಾಗ ಅವಳೇ ಸರಿಮಾಡಿ ಕೊಡುತ್ತಿದ್ದುದು ನನಗೆ ನೆನಪಿತ್ತು. ಬುಟ್ಟಿ ಹಾಕಲು ಬಂದಾಗ ವಿಷಯ ಹೇಳಿದೆ.

ಅವಳು ತಲೆಯ ಸಿಂಬೆ ತೆಗೆದು ಪಕ್ಕಕ್ಕಿಟ್ಟು ಕೇಳಿದಳು. "ಕೋಲಿಗೆಷ್ಟು, ದಾರಕ್ಕೆಷ್ಟು ಅಂತ ಮಾಡ್ಕೊಂಡಿದೀರಾ ಸ್ವಾಮಿ?"

"ದಾರಕ್ಕೇನು, ಉಳಿದದ್ದರಲ್ಲಿ ಆಗುತ್ತೆ. ಕೋಲು ತಾನೇ ಮುಖ್ಯ?"

"ಅಲ್ಲ ಸ್ವಾಮಿ. ತಲೆಕೆಳಗು ಮಾಡ್ತಾ ಇದೀರ."

ಅಲ್ಲೇ ಬಿದ್ದಿದ್ದ ಉದ್ದನೆಯ ಬಿದಿರು ಬರಲಿಗೆ ನಾಲ್ಕೈದು ಮಾರುದ್ದದ ಹೊಲಿಗೆ ನೂಲು ಕಟ್ಟಿ ಬೀಸಿದಳು. ನೂಲು ಗಾಳಿಯಲ್ಲಿ ತೇಲಿ ಅವಳ ಮುಖಕ್ಕೇ ಸುತ್ತಿಕೊಂಡಿತು. ಅದನ್ನು ಬಿಚ್ಚಿ ತೊಟ್ಟಿಯಲ್ಲಿ ನೆನೆಸಿದ ಹುರಿಯನ್ನು ಅಷ್ಟೇ ಉದ್ದಕ್ಕೆ ಕಟ್ಟಿದಳು. ಹಿಂದಕ್ಕೊಮ್ಮೆ ಎತ್ತಿ, ಒಂದು ಉಸಿರು ತಡೆದು, ಮುಂದಕ್ಕೆ ಬಿಟ್ಟಳು. ಬರಲು ಬಾಗಿತು, ಹುರಿ ಚಾಪೆ ಬಿಚ್ಚಿದಂತೆ ಬಿಚ್ಚಿಕೊಂಡು ನೇರ ಅಂಗಳದ ಆಚೆಗೆ ಹೋಗಿ ಬಿತ್ತು. ಅವಳು ಬಲವನ್ನೇ ಹಾಕಿರಲಿಲ್ಲ.

"ನೋಡಿದ್ರಾ? ಹೋಗೋದು ದಾರ. ಅದರ ಭಾರಕ್ಕೆ ಕೋಲು ಬಾಗ್ತದೆ, ಬಾಗಿದ್ದು ಎದ್ದಾಗ ದಾರ ಹಾರ್ತದೆ. ದಾರದಾಗೆ ಭಾರ ಇಲ್ಲಾಂದ್ರೆ ಚಿನ್ನದ ಕೋಲಾದ್ರೂ ಬಾಗಾಕಿಲ್ಲ. ಸಣ್ಣಗೆ ಗಟ್ಟಿಯಾಗಿರೋ ಗಂಡು ಬಿದಿರು ತಂದು ನಾನೇ ಕೋಲು ಮಾಡ್ಕೊಡ್ತೀನಿ. ಬೆಂಕೀಲಿ ಕಾಯ್ಸಿ ನೆಟ್ಟಗೆ ಮಾಡಿ, ಹಿತ್ತಾಳೆ ತಂತಿ ಉಂಗುರ ಕಟ್ಟಿ, ಒಂದಕ್ಕೆ ಎರಡೂವರೆ ರೂಪಾಯಿ ಕೊಡಿ ಸಾಕು. ಮಿಕ್ಕ ದುಡ್ಡೆಲ್ಲ ಒಳ್ಳೆ ದಪ್ಪ ರೇಸ್ಮೆ ದಾರಕ್ಕೆ ಹಾಕ್ಬುಡಿ."

ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ನಾನು ನಕ್ಕೆ. ಬುಟ್ಟಿ ಹೆಣೆಯುವವಳ ಕೈಯಿಂದ ಕೋಲು ಮಾಡಿಸಿ ಡಾಕ್ಟರಮ್ಮನ ಮುಂದೆ ಹಿಡಿದು ನಿಂತರೆ ಇಷ್ಟಕ್ಕೆ ಇವನೇ ಬೇಕಾಗಿತ್ತೇ ಅಂದುಕೊಳ್ಳುತ್ತಾರೆ ಅನ್ನಿಸಿತು. "ಆಯ್ತು ಹೋಗಮ್ಮ, ನೋಡೋಣ" ಎಂದು ಕಳಿಸಿ, ಮರುದಿನ ಬೆಂಗಳೂರಿನ ಬಸ್ಸು ಹತ್ತಿದೆ.

ಪೆಟ್ರೋಲು ಸಿಗದ ಕಾಲ. ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ದಂಡು ಪ್ರದೇಶದಲ್ಲಿ ಹಳೆಯ ಬೇಟೆ ಸಾಮಾನು ಮಾರುವ ಅಂಗಡಿ ತಲುಪುವ ಹೊತ್ತಿಗೆ ಮುಖಕ್ಕೆಲ್ಲ ಮಸಿ ಹತ್ತಿತ್ತು. ಅಂಗಡಿಯ ಮುದುಕರು ನೀರು ಕೊಟ್ಟು, ಆಮೇಲೆ ಕೋಲುಗಳ ಕಪಾಟು ತೆಗೆದರು.

ಆರು ಬಿದಿರು ಸೀಳುಗಳನ್ನು ಕೂದಲೂ ತೂರದಂತೆ ಅಂಟಿಸಿ ಮಾಡಿದ ಕೋಲುಗಳು. ಜೇನಿನ ಬಣ್ಣದ ಮೆರುಗು, ಕೆಂಪು ರೇಷ್ಮೆಯ ಕಟ್ಟು, ಹಿಡಿಗೆ ಬೆಂಡು, ಮೂರು ತುಂಡುಗಳನ್ನು ಜೋಡಿಸಲು ಹಿತ್ತಾಳೆ ಕೀಲು, ಪ್ರತಿಯೊಂದಕ್ಕೂ ಬಟ್ಟೆಯ ಚೀಲ. ಊರಿಗೆ ಹೊರಟ ದೊರೆಗಳು ಮಾರಿ ಹೋದವು. ದಾರವಿಲ್ಲದೆ ಬರಿ ಕೋಲನ್ನೇ ಅಂಗಡಿಯೊಳಗೆ ಅಲ್ಲಾಡಿಸಿ ನೋಡಿದೆ. ಸುಂಯ್ ಎಂದಿತು. ಅಷ್ಟಕ್ಕೇ ಮನಸ್ಸು ಸೋತಿತು.

"ಇದಕ್ಕೆ ದಪ್ಪ ದಾರ ಬೇಕಾಗ್ತದೆ. ಸ್ವಲ್ಪ ಬಿಗಿ ಕೋಲು" ಎಂದರು ಮುದುಕರು. ಗಾಜಿನ ಪೆಟ್ಟಿಗೆಯಿಂದ ಒಂದು ದಾರದ ಸುರುಳಿ ತೆಗೆದು ಇಟ್ಟರು. ಚೀಟಿಯ ಮೇಲೆ ಎಚ್, ಸಿ, ಎಚ್ ಎಂದು ಮೂರು ಇಂಗ್ಲಿಷ್ ಅಕ್ಷರ. "ಎರಡು ತುದಿ ಸಣ್ಣ, ನಡುವೆ ದಪ್ಪ. ಈ ಕೋಲು ಇದನ್ನ ಕೇಳ್ತದೆ. ನಿಮಗೆ ಗೊತ್ತೇ ಇರ್ತದೆ ಬಿಡಿ."

"ಗೊತ್ತು, ಗೊತ್ತು" ಎಂದೆ. ಆ ಅಕ್ಷರಗಳನ್ನು ಎಷ್ಟೋ ಪತ್ರಗಳಲ್ಲಿ ನಾನೇ ಬರೆದಿದ್ದೆ. ಅವು ದಾರದ ದಪ್ಪದ ಗುರುತು, ಎ ಕಡೆಗೆ ಹೋದಷ್ಟೂ ದಪ್ಪ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಹಾಗೆಂದು ಕೇಳಲೂ ಇಲ್ಲ. ಆ ದಾರಕ್ಕೆ ಬೆಲೆ ಇಪ್ಪತ್ತೆರಡು ರೂಪಾಯಿ. ನಾಲ್ಕು ಕೋಲಿಗೆ ನೂರ ಹದಿನೆಂಟು ಆಗಿಹೋಗಿತ್ತು. ಉಳಿದದ್ದರಲ್ಲಿ ಕೊಕ್ಕೆ, ನೊಣ, ಹಳೆಯ ರೀಲುಗಳನ್ನು ಕೊಂಡೆ. ದಾರಕ್ಕೆ ಬಂದಾಗ ತಗಡಿನ ಡಬ್ಬಿಯಲ್ಲಿ ಬಿದ್ದಿದ್ದ ಒಂದೇ ಸಮ ಸಣ್ಣನೆಯ ದಾರ ನಾಲ್ಕು ಸುರುಳಿ ಅಗ್ಗಕ್ಕೆ ಸಿಕ್ಕಿತು. ಚೀಟಿಯ ಮೇಲೆ ಜಿ ಎಂಬ ಒಂದೇ ಅಕ್ಷರ. ಮುದುಕರು ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ನಾನು ದುಡ್ಡು ಎಣಿಸುತ್ತಿದ್ದ ಗತ್ತು ನೋಡಿಯೋ ಏನೋ, ಸುಮ್ಮನಾದರು.

ಬಸ್ಸಿನ ಕುಲುಕಾಟಕ್ಕೆ ಒಂದು ಕೋಲಿನ ಕೀಲು ಸಡಿಲವಾಯಿತು. ಅದನ್ನು ಕಟ್ಟಿಸಲು ಮತ್ತೆ ಆ ಬಿದಿರಿನವಳ ಬಳಿಗೇ ಹೋಗಬೇಕಾಯಿತು. ಅರಗು ಕಾಯಿಸಿ, ಕೀಲು ಕೂರಿಸಿ, ನೂಲು ಸುತ್ತಿ ಕೊಟ್ಟಳು. ನನ್ನ ಚೀಲದಲ್ಲಿದ್ದ ದಾರವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ಸಣ್ಣದಾಯ್ತಲ್ಲ ಸ್ವಾಮಿ."

"ನಿನಗೆ ಕೊಟ್ಟಿದ್ದು ಕೀಲು ಕೂರಿಸೋಕೆ" ಎಂದೆ. ನಾಲ್ಕಾಣೆ ಕೊಟ್ಟೆ. ತಗೊಂಡು ಸೆರಗಿಗೆ ಕಟ್ಟಿಕೊಂಡಳು.

ಚೀಲ ಬಿಚ್ಚಿ ನಾಲ್ಕು ಕೋಲುಗಳನ್ನು ಮೇಜಿನ ಮೇಲಿಟ್ಟಾಗ ಡಾಕ್ಟರಮ್ಮನ ಮುಖ ಅರಳಿತು. "ಇಷ್ಟು ಚೆಂದದ್ದು ಇಷ್ಟೇ ದುಡ್ಡಿಗೆ ಸಿಕ್ಕಿತಾ?" ಎಂದರು. ಆ ಹೊಗಳಿಕೆಯನ್ನು ಎರಡು ದಿನ ಮನಸ್ಸಿನಲ್ಲೇ ಚಪ್ಪರಿಸಿದೆ.

ಮೂರನೆಯ ಬೆಳಗ್ಗೆ ಕೆರೆಯ ದಂಡೆಯಲ್ಲಿ ನಾಲ್ವರು ನಿಂತರು. ಅವರಲ್ಲಿ ಒಬ್ಬ ಶೂಳಗಿರಿ ಕಡೆಯ ಸಿಪಾಯಿ. ಇಪ್ಪತ್ನಾಲ್ಕರ ಪ್ರಾಯ, ಮಾತು ಕಡಿಮೆ. ಬಲ ಭುಜದ ಮುಂದೆ ಒಂದು ಗಾಯದ ಕಲೆ, ಹಿಂದೆ ಅದಕ್ಕಿಂತ ದೊಡ್ಡದು. ಊರಲ್ಲಿ ಅಣ್ಣನ ಜೊತೆ ಕಪಿಲೆ ಹೊಡೆಯುತ್ತಿದ್ದವನು. ಎತ್ತುಗಳು ಬಾವಿಯಿಂದ ಎಳೆದು ತಂದ ಚರ್ಮದ ಬಾನಿಯನ್ನು ತೊಟ್ಟಿಗೆ ಬಗ್ಗಿಸಲು ಬಲಗೈ ಬೇಕು. ಆ ಕೆಲಸಕ್ಕೆ ವಾಪಸು ಹೋಗಬೇಕೆಂಬುದೊಂದೇ ಅವನ ಆಸೆ. ಉಳಿದವರು ತಮಾಷೆಗೆ ಕೋಲು ಹಿಡಿದರೆ ಇವನು ಔಷಧಿ ಕುಡಿಯುವವನಂತೆ ಹಿಡಿದ.

ದಾರ ಹೋಗಲೇ ಇಲ್ಲ. ಹಿಂದಕ್ಕೆ ಎತ್ತಿದರೆ ಹೆಗಲ ಮೇಲೆ ಬೀಳುತ್ತಿತ್ತು, ಮುಂದಕ್ಕೆ ಬೀಸಿದರೆ ಕಾಲ ಬುಡದಲ್ಲೇ ಗುಡ್ಡೆಯಾಗುತ್ತಿತ್ತು. ಕೋಲು ಬಾಗುತ್ತಲೇ ಇರಲಿಲ್ಲ. ನೊಣ ಒಬ್ಬನ ಟೋಪಿಗೆ ಚುಚ್ಚಿಕೊಂಡಿತು. ಅಂಗಳದಲ್ಲಿ ಹೊಲಿಗೆ ನೂಲು ಆ ಹೆಂಗಸಿನ ಮುಖಕ್ಕೆ ಸುತ್ತಿಕೊಂಡದ್ದು ಅದೇ ಕ್ಷಣ ನನ್ನ ಕಣ್ಣಿಗೆ ಕಟ್ಟಿತು.

ಆಗ ಬಾಯಿ ಬಿಟ್ಟಿದ್ದರೆ ದುಡ್ಡಿನ ತಪ್ಪು ಮಾತ್ರ ಆಗಿರುತ್ತಿತ್ತು. ನಾನು ಹೇಳಿದ್ದು, "ಗಾಳಿ ಜಾಸ್ತಿ ಇದೆ. ಇನ್ನೂ ಸ್ವಲ್ಪ ಬಲ ಹಾಕಿ ಬೀಸಿ."

ನಾಲ್ಕು ದಿನ ಹೀಗೇ ನಡೆಯಿತು. ಮೂವರು ಬೇಸತ್ತು ಕೋಲು ಮೂಲೆಗಿಟ್ಟರು. ಶೂಳಗಿರಿಯವನು ಬಿಡಲಿಲ್ಲ. "ಇನ್ನೂ ಬಲ ಹಾಕ್ಬೇಕಾ ಅಣ್ಣಾ?" ಎಂದು ನನ್ನನ್ನು ಕೇಳುತ್ತಿದ್ದ. "ಹಾಕಪ್ಪ" ಎನ್ನುತ್ತಿದ್ದೆ. ಐದನೆಯ ಬೆಳಗ್ಗೆ ಹಲ್ಲು ಕಚ್ಚಿ ಬೀಸಿದ. ಭುಜದಲ್ಲಿ ಏನೋ ಹರಿದದ್ದು ನನಗೂ ಕೇಳಿಸಿದಂತಾಯಿತು. ಕೋಲು ಕೈಬಿಟ್ಟು ಮಂಡಿಯೂರಿ ಕೂತ. ಅಂಗಿಯ ಮೇಲೆ ಸಣ್ಣಗೆ ರಕ್ತ ಒಸರಿತು. ಕೋಲು ಕಲ್ಲಿನ ಮೇಲೆ ಬಿದ್ದು ಎರಡು ತುಂಡುಗಳು ಬೇರೆಯಾಗಿ ಬಿದ್ದವು.

ಡಾಕ್ಟರಮ್ಮ ಓಡಿ ಬಂದು ಅವನನ್ನು ಒಳಗೆ ಕಳಿಸಿದರು. ನನ್ನ ಕಡೆ ತಿರುಗಿ, "ಏನಾಯ್ತು? ಕೋಲು ಮುರಿಯಿತಾ?" ಎಂದರು.

ಮುರಿದಿರಲಿಲ್ಲ. ತುಂಡುಗಳನ್ನು ನಾನು ಸರಿಯಾಗಿ ಒತ್ತಿ ಜೋಡಿಸಿರಲಿಲ್ಲ, ಬಿದ್ದ ಏಟಿಗೆ ಕಳಚಿಕೊಂಡಿದ್ದವು ಅಷ್ಟೆ. ಬಿದಿರಿನವಳು ಕೂರಿಸಿದ್ದ ಕೀಲು ಇದ್ದ ಹಾಗೇ ಗಟ್ಟಿಯಾಗಿತ್ತು. ಆದರೆ ಪ್ರಶ್ನೆಯೇ ನನಗೆ ಉತ್ತರ ಎತ್ತಿ ಕೊಟ್ಟಂತಾಯಿತು.

"ಕೀಲು ಕಳಚಿತು ಮೇಡಂ. ಕೋಲು ಇದ್ದಕ್ಕಿದ್ದಂತೆ ಹಗುರಾಗಿ ಕೈ ಎಳೆದುಕೊಂಡಿದೆ. ಆ ಬಿದಿರಿನವಳಿಗೆ ಕೂರಿಸೋಕೆ ಕೊಟ್ಟಿದ್ದೆ. ಸರಿಯಾಗಿ ಕೂರಿಸಿಲ್ಲ."

ಅವರು "ಹಾಗಾದರೆ ಅವಳಿಂದ ಇನ್ನು ಏನೂ ತೆಗೆದುಕೊಳ್ಳುವುದು ಬೇಡ" ಎಂದರು. ಆ ಆದೇಶವನ್ನು ಬರೆದವನು ನಾನೇ. ಅದೇ ದುಂಡಗಿನ ಅಕ್ಷರ. ಗೇಟಿನ ಕಾವಲುಗಾರನಿಗೆ ಒಂದು ನಕಲು ಕೊಟ್ಟೆ.

ಮುಂದಿನ ಸಂತೆಯ ದಿನ ಅವಳು ತಲೆಯ ಮೇಲೆ ಹತ್ತು ಬುಟ್ಟಿ ಹೊತ್ತು ಬಂದಳು. ಸಾನಮಾವಿನಿಂದ ನಡೆದೇ ಬರುವವಳು. ಕಾವಲುಗಾರ ತಮಿಳಿನವನು, "ಉಳ್ಳೆ ಪೋಗಕ್ಕೂಡಾದು, ಆರ್ಡರ್" ಎಂದು ಲಾಠಿ ಅಡ್ಡ ಹಿಡಿದ. ಒಳಗೆ ಬಿಡುವಂತಿಲ್ಲ ಎಂಬುದಷ್ಟೇ ಅವನಿಗೆ ಗೊತ್ತು, ಯಾಕೆಂದು ಗೊತ್ತಿಲ್ಲ. ಅವಳು ಬೇಲಿಯ ಪಕ್ಕ ನಡೆದು ಉಗ್ರಾಣದ ಕಿಟಕಿಗೆ ಎದುರಾಗಿ ನಿಂತು ನನ್ನನ್ನು ಕೂಗಿದಳು.

"ಏನಾಯ್ತು ಸ್ವಾಮಿ? ನನ್ನಿಂದ ಏನ್ ತಪ್ಪಾಯ್ತು?"

"ನನಗೇನು ಗೊತ್ತಮ್ಮ. ಮೇಲಿನವರ ಆರ್ಡರು."

"ಕೋಲು ಬಿಚ್ಕೊಂಡು ಯಾರ್ಗೋ ಪೆಟ್ಟಾಯ್ತಂತೆ, ಸಂತೇಲಿ ಅಂತಿದ್ರು. ಆ ಕೋಲು ಒಂದ್ಸಲ ತೋರ್ಸಿ. ನಾನು ಕೂರಿಸಿದ್ದು ಬಿಚ್ಕೊಂಡೈತಾ ಅಂತ ಕಣ್ಣಿಂದ ನೋಡ್ಬುಟ್ಟು ಹೋಗ್ತೀನಿ."

ಕೋಲು ನನ್ನ ಹಿಂದೆಯೇ, ಗೋಡೆಗೆ ಒರಗಿತ್ತು. "ಅದು ಡಾಕ್ಟರಮ್ಮನ ಹತ್ತಿರ ಇದೆ" ಎಂದೆ. ಅವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. ಕೋಲು ಕಂಡಿರಬೇಕು. ಮತ್ತೇನೂ ಕೇಳದೆ ಬುಟ್ಟಿಗಳನ್ನು ತಾನೇ ಎತ್ತಿ ತಲೆಗಿಟ್ಟುಕೊಂಡು ಬಂದ ದಾರಿಯಲ್ಲೇ ಹೊರಟಳು. ನಾನು ಕಿಟಕಿ ಹಾಕಿದೆ. ಬೈದಿದ್ದರೆ ನನಗೂ ನಾಲ್ಕು ಮಾತಾಡಲು ದಾರಿಯಾಗುತ್ತಿತ್ತು. ಅವಳು ಬೈಯಲಿಲ್ಲ.

ಅದಾದ ಮೇಲೆ ಶೂಳಗಿರಿಯವನನ್ನು ನೋಡಲು ಹೋಗದೆ ಒಂದು ವಾರ ತಪ್ಪಿಸಿಕೊಂಡೆ. ಕೊನೆಗೆ ಹೊದಿಕೆ ಬದಲಿಸುವ ನೆಪದಲ್ಲಿ ವಾರ್ಡಿಗೆ ಹೋಗಲೇಬೇಕಾಯಿತು. ತೋಳನ್ನು ಎದೆಗೆ ಕಟ್ಟಿಹಾಕಿದ್ದರು. ಸೂರು ನೋಡುತ್ತಾ ಮಲಗಿದ್ದ.

"ಹೇಗಿದೀಯಪ್ಪಾ?"

"ಊರಿಗೆ ಕಾಗ್ದ ಬರ್ಸಿದೆ ಅಣ್ಣಾ. ಕಪಿಲೆ ಜೊತೆಗೆ ಬ್ಯಾರೆ ಆಳು ನೋಡ್ಕೋ ಅಂತ ಅಣ್ಣನಿಗೆ."

"ಯಾಕೆ? ಡಾಕ್ಟರಮ್ಮ ವಾಸಿಯಾಗುತ್ತೆ ಅಂದರಲ್ಲ."

"ಅವ್ರು ಸಮಾಧಾನಕ್ಕಂತಾರೆ. ನನ್ ಕೈ ಸತ್ತೋಗೈತೆ. ಒಂದು ನೂಲಿನೆಳೆ ನಾಕು ಮಾರು ಎಸೆಯಾಕೆ ಆಗ್ಲಿಲ್ಲ ನಂಗೆ. ನೀವೂ ಪಾಪ ದಿನಾ ನಿಂತು ಹೇಳ್ಕೊಟ್ರಿ."

ಕೊನೆಯ ಮಾತನ್ನು ಅವನು ಕೃತಜ್ಞತೆಯಿಂದಲೇ ಹೇಳಿದ. ಹೊದಿಕೆಗಳನ್ನು ಮಂಚದ ಮೇಲೆ ಹಾಗೇ ಬಿಟ್ಟು ಹೊರಗೆ ಬಂದೆ.

ಮರುದಿನ ಬೆಳಕು ಹರಿಯುತ್ತಲೇ ಒಂದು ಕೋಲು, ಎರಡು ಸುರುಳಿ ದಾರ ತೆಗೆದುಕೊಂಡು ಕೆರೆಗೆ ಹೋದೆ. ಮೊದಲು ಒಂದೇ ದಾರದಲ್ಲಿ ಬೀಸಿದೆ. ಯಾವ ಗಾಯವೂ ಇಲ್ಲದ, ಮೂವತ್ತೆರಡು ವರ್ಷದ ನನ್ನ ಕೈಯಿಂದಲೂ ಅದು ಹೋಗಲಿಲ್ಲ. ಆಮೇಲೆ ಎರಡು ದಾರಗಳನ್ನು ಒಟ್ಟಿಗೆ ಹುರಿ ಹೊಸೆದು, ನೀರಲ್ಲಿ ನೆನೆಸಿ, ಉಂಗುರಗಳಲ್ಲಿ ತೂರಿಸಿ ಬೀಸಿದೆ. ಒರಟಾಗಿ, ಗಂಟು ತಾಗಿ ತಾಗಿಯಾದರೂ ಕೋಲು ಮೊದಲ ಸಲ ನನ್ನ ಕೈಯಲ್ಲಿ ಬಾಗಿತು. ದಾರ ಐದು ಮಾರು ಹೋಗಿ ಬಿತ್ತು. ಗೊತ್ತೇ ಇದ್ದ ವಿಷಯ. ಕಣ್ಣಾರೆ ಕಂಡ ಮೇಲೆ ಇನ್ನೊಂದು ಸುಳ್ಳಿಗೆ ಎಡೆ ಉಳಿಯಲಿಲ್ಲ. ಕೋಲು ಹಿಡಿದುಕೊಂಡೇ ಡಾಕ್ಟರಮ್ಮನ ಕೋಣೆಗೆ ಹೋದೆ. ಬಾಗಿಲಲ್ಲಿ ನಿಲ್ಲದೆ ಹೋದರೆ ಮಾತ್ರ ಹೇಳಿಯೇನು ಅನ್ನಿಸಿ ನೇರ ಒಳಗೆ ನುಗ್ಗಿದೆ.

ಎಲ್ಲ ಹೇಳಿದೆ. ಗೊತ್ತು ಎಂದದ್ದರಿಂದ ಹಿಡಿದು ಕೀಲಿನವರೆಗೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು.

"ನೀವು ಆವತ್ತು ಗೊತ್ತಿಲ್ಲ ಅಂದಿದ್ದರೆ ನಾನು ಏನು ಮಾಡ್ತಿದ್ದೆ ಹೇಳಿ? ಇನ್ನೊಬ್ಬರನ್ನು ಕೇಳ್ತಿದ್ದೆ. ಅಷ್ಟೇ ಅಲ್ವಾ?"

"ಹೌದು ಮೇಡಂ."

"ಆ ಹುಡುಗನಿಗೂ ಆ ಹೆಂಗಸಿಗೂ ನೀವೇ ಹೇಳಬೇಕು. ನಿಮ್ಮ ಕೆಲಸದ ಮಾತು ಆಮೇಲೆ."

ಹುಡುಗನಿಗೆ ಅದೇ ಬೆಳಗ್ಗೆ ಹೇಳಿದೆ. ದಾರ ಸಣ್ಣದು, ಆ ದಾರವನ್ನು ಯಾರೂ ಎಸೆಯಲಾರರು, ಆರಿಸಿದವನು ನಾನು, ಗೊತ್ತಾದ ಮೇಲೂ ಬಲ ಹಾಕು ಅಂದವನು ನಾನು. ಅವನು ಎದ್ದು ಕೂತ.

"ಹಂಗಾರೆ ನನ್ ಕೈ ಸತ್ತಿಲ್ವಾ?"

"ಇಲ್ಲಪ್ಪ."

ಎಡಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಸಂತೋಷಕ್ಕೆ ಅತ್ತದ್ದು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂಬುದು ಅವನಿಗೆ ಹೊಳೆದದ್ದೇ ಸಂಜೆಯ ಹೊತ್ತಿಗೆ. ಆಮೇಲೆ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ತಂದ ಹೊದಿಕೆಯನ್ನು ಇನ್ನೊಬ್ಬನ ಕೈಯಿಂದ ಈಸಿಕೊಳ್ಳುತ್ತಿದ್ದ.

ಸಾನಮಾವಿಗೆ ನಡೆದು ಹೋದೆ. ಅವಳು ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದಳು, ಹೆಣ್ಣುಮಕ್ಕಳಿಬ್ಬರೂ ಪಕ್ಕದಲ್ಲಿದ್ದರು. ಕೂತುಕೊಳ್ಳಿ ಅನ್ನಲಿಲ್ಲ. ನಿಂತೇ ಹೇಳಿದೆ. ಕತ್ತಿ ನಿಲ್ಲಿಸದೆ ಕೇಳಿದಳು.

"ಆಯ್ತಾ ಹೇಳಿದ್ದು?"

"ಆಯ್ತಮ್ಮ. ತಪ್ಪಾಯ್ತು."

"ನಂಗ್ಯಾಕೆ ಹೇಳ್ತೀರಾ? ಕೀಲು ಗಟ್ಟಿಯಾಗೈತೆ ಅಂತ ನಂಗೆ ಮೊದ್ಲೇ ಗೊತ್ತು. ಗೇಟ್ನಾಗೆ ನಾಕು ಜನದ ಮುಂದೆ ನನ್ನ ವಾಪಸ್ ಕಳ್ಸಿದ್ರಿ. ಅಲ್ಲೇ ಹೇಳಿ. ಸಂತೆ ದಿನ ಬತ್ತೀನಿ."

ಬಂದಳು. ಬುಟ್ಟಿ ತಂದಿರಲಿಲ್ಲ, ಬರಿಗೈಯಲ್ಲಿ ಬಂದಿದ್ದಳು. ನಾನು ಗೇಟಿನ ಬಳಿ ನಿಂತು, ಕಾವಲುಗಾರನಿಗೆ ಅರ್ಥವಾಗಲಿ ಎಂದು ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಈಯಮ್ಮನದು ತಪ್ಪಿಲ್ಲ, ನಾನು ಸುಳ್ಳು ಹೇಳಿದ್ದೆ. ಬಿಸಿಲು ಕಾಯಿಸುತ್ತಾ ಕೂತಿದ್ದ ಹತ್ತು ಹನ್ನೆರಡು ಸಿಪಾಯಿಗಳು ತಿರುಗಿ ನೋಡಿದರು. ಸಂತೆಗೆ ಹೊರಟ ಗಾಡಿಯೊಂದು ನಿಂತಿತು. ಕಿವಿಗಳು ಸುಟ್ಟುಹೋಗುವಂತೆ ಬಿಸಿಯಾಗಿದ್ದವು. ಈಗ ಬರೆಯುವಾಗಲೂ ಅಷ್ಟೇ. ಅವಳು ಎಲ್ಲ ಮುಗಿಯುವವರೆಗೆ ನಿಂತಿದ್ದು, ಒಳಗೆ ಬಂದು, ಆ ಕೋಲನ್ನು ಕೇಳಿ ಪಡೆದು, ಕೀಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು, "ಇನ್ನ ದಾರದ ಮಾತು ಹೇಳಿ" ಎಂದಳು.

ಎರಡು ಕೋಲು ಮಾರಿ, ಆ ಹಣದಲ್ಲಿ ಒಳ್ಳೆಯ ದಾರ ಕೊಳ್ಳುವುದೆಂದು ತೀರ್ಮಾನವಾಯಿತು. ಮಾರಿದ ಎರಡು ಕೋಲಿನ ಬದಲಿಗೆ ಅವಳೇ ಎರಡು ಮಾಡಿಕೊಡುತ್ತಾಳೆ. ಆದರೂ ಲೆಕ್ಕ ಕೂಡಿಬರಲಿಲ್ಲ; ಅಂಗಡಿಯವರು ಎಷ್ಟೇ ಒಳ್ಳೆಯ ಬೆಲೆ ಕೊಟ್ಟರೂ ಎರಡು ದಾರಕ್ಕಿಂತ ಹೆಚ್ಚು ಬರುವಂತಿರಲಿಲ್ಲ.

ಮತ್ತೆ ಇದ್ದಿಲ ಬಸ್ಸು, ಮತ್ತೆ ಅದೇ ಅಂಗಡಿ. ಈ ಸಲ ಚೀಲ ಕೆಳಗಿಟ್ಟ ಕೂಡಲೇ ಹೇಳಿದೆ. "ಇದರಲ್ಲಿ ನನಗೆ ಏನೂ ಗೊತ್ತಿಲ್ಲ. ನಾಲ್ಕು ಜನ ಗಾಯಾಳುಗಳು ಕೆರೆಯಲ್ಲಿ ಗಾಳ ಹಾಕಬೇಕು. ಈ ಎರಡು ಕೋಲು ನೀವೇ ಕೊಂಡರೆ ಎರಡು ದಾರಕ್ಕೆ ಆಗುವಷ್ಟೇ ದುಡ್ಡಾಗುತ್ತೆ."

ಮುದುಕರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಕೆರೇಲಿ ಎಷ್ಟು ದೂರ ಎಸೀಬೇಕು?"

"ಏಳೆಂಟು ಮಾರು ಆದರೆ ಹೆಚ್ಚು."

"ಮತ್ತೆ ನಾಲ್ಕು ದಾರ ಯಾಕೆ?" ಎಚ್, ಸಿ, ಎಚ್ ದಾರ ತೆಗೆದು ಮೇಜಿನ ಉದ್ದಕ್ಕೂ ಬಿಚ್ಚಿದರು. "ಎರಡೂ ತುದಿ ಒಂದೇ ಥರ, ನಡುವೆ ದಪ್ಪ. ಮೂವತ್ತು ಗಜ ಇದೆ. ನಟ್ಟನಡುವೆ ಕತ್ತರಿಸಿ. ಎರಡು ದಾರ ಆಯ್ತು. ಸಣ್ಣ ತುದಿ ನೊಣದ ಕಡೆ, ದಪ್ಪ ತುದಿ ರೀಲಿನ ಕಡೆ. ರೀಲು ತುಂಬಲಿಕ್ಕೆ ಹಿಂದೆ ನಿಮ್ಮ ಆ ಸಣ್ಣ ದಾರ ಗಂಟು ಹಾಕಿ. ನದಿಗೆ ಹೋಗೋರಿಗೆ ಪೂರ್ತಿ ಬೇಕು, ನಿಮಗೆ ಬೇಡ."

ಕತ್ತರಿ ಅವರೇ ತಂದು ಕತ್ತರಿಸಿದರು. ಎರಡು ದಾರ ನಾಲ್ಕಾಯಿತು. ದಾರಕ್ಕೆ ಮೇಣ ಸವರಿ ನೀರ ಮೇಲೆ ತೇಲಿಸುವುದು, ದಿನಾ ಸಂಜೆ ರೀಲಿನಿಂದ ಬಿಚ್ಚಿ ನೆರಳಲ್ಲಿ ಒಣಗಿಸುವುದು, ಇಲ್ಲದಿದ್ದರೆ ರೇಷ್ಮೆ ಕೊಳೆತು ಕೈಗಂಟುವುದು, ಎಲ್ಲ ಹೇಳಿಕೊಟ್ಟರು. ಹೊರಡುವಾಗ ಕೇಳಿದೆ, "ಆವತ್ತೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಗೊತ್ತು ಅಂದವರಿಗೆ ಹೇಳಿದರೆ ಕೋಪ ಮಾಡ್ಕೋತಾರೆ."

ಬಿದಿರಿನ ಕೋಲುಗಳು ಹತ್ತು ದಿನದಲ್ಲಿ ಬಂದವು. ಮೆರುಗಿರಲಿಲ್ಲ. ಬೆಂಕಿ ಕಾಯಿಸಿದ ಗುರುತು ಗಿಣ್ಣುಗಳಲ್ಲಿ ಕಪ್ಪಗೆ ಉಳಿದಿತ್ತು. ಕೈಯಲ್ಲಿ ಹಿಡಿದರೆ ನನ್ನ ಆಯ್ಕೆಯ ಕೋಲುಗಳ ಅರ್ಧ ಭಾರ. ಆ ಹೆಂಗಸು ದಂಡೆಯಲ್ಲಿ ನಿಂತು, "ತಡ್ಕೊಳ್ರಪ್ಪಾ, ಹಿಂದೆ ದಾರ ಪೂರಾ ಬಿಚ್ಕೊಳ್ಳಿ, ಆಮ್ಯಾಕೆ ಮುಂದಕ್ ಬುಡಿ" ಎಂದು ಹುಡುಗರಿಗೆ ಹೇಳಿಕೊಟ್ಟಳು. ದಾರ ಸುರುಳಿ ಬಿಚ್ಚುತ್ತಾ ಹೋಗಿ ನೀರ ಮೇಲೆ ಸದ್ದಿಲ್ಲದೆ ಇಳಿಯಿತು. ಹುಡುಗರು ಹೋ ಎಂದು ಕೂಗಿದರು. ನಾನು ಅವರ ಹಿಂದೆ ನಿಂತು ಮೇಣದ ಡಬ್ಬಿ ಹಿಡಿದುಕೊಂಡಿದ್ದೆ. ನನ್ನ ಕೆಲಸ ಉಳಿಯಿತು. ಆದರೆ ಅಂದಿನಿಂದ ಡಾಕ್ಟರಮ್ಮ ಯಾವುದನ್ನೂ ನನ್ನೊಬ್ಬನ ಮಾತಿನ ಮೇಲೆ ಒಪ್ಪಿಕೊಳ್ಳುತ್ತಿರಲಿಲ್ಲ. ಇನ್ನೊಬ್ಬರನ್ನು ಕರೆದು ಕೇಳಿಯೇ ಸಹಿ ಹಾಕುತ್ತಿದ್ದರು. ಬಿದಿರಿನವಳು ಬುಟ್ಟಿ ತರುವುದನ್ನು ಮುಂದುವರಿಸಿದಳು, ಒಪ್ಪಿಸಿ ಚೀಟಿ ಪಡೆದು ಹೋಗುತ್ತಿದ್ದಳು. ಮೊದಲಿನಂತೆ ಸಿಂಬೆ ಪಕ್ಕಕ್ಕಿಟ್ಟು ನಿಂತು ಮಾತಾಡಿದ್ದು ನೆನಪಿಲ್ಲ.

ಶೂಳಗಿರಿಯವನ ತೋಳಿನ ಕಟ್ಟು ಬಿಚ್ಚಲು ಒಂದು ತಿಂಗಳಾಯಿತು. ಆಮೇಲೆ ಬಿದಿರು ಕೋಲನ್ನೇ ಆರಿಸಿಕೊಂಡ. ಮೊದಲು ಮೊಣಕೈ ಮಾತ್ರ ಆಡಿಸಿ, ನಂತರ ಸ್ವಲ್ಪ ಸ್ವಲ್ಪವೇ ಭುಜ ಎತ್ತುತ್ತಾ ಬಂದ. ಗೆಂಡೆಗಳನ್ನು ಹಿಡಿದ, ಹಿಡಿದದ್ದನ್ನು ಅಡುಗೆಮನೆಗೆ ಕೊಟ್ಟ. ನನ್ನ ಜೊತೆ ಮಾತು ಬಿಟ್ಟದ್ದನ್ನು ತಾನಾಗಿಯೇ ಮುರಿದು, ಒಂದು ದಿನ "ಮೇಣ ಕೊಡಣ್ಣಾ" ಎಂದ. ಆದರೆ ತೋಳು ಒಂದು ಮಟ್ಟಕ್ಕೆ ಬಂದು ನಿಂತಿತು. ಮೊದಲೇ ಅಷ್ಟಕ್ಕೆ ನಿಲ್ಲುತ್ತಿತ್ತೋ, ಆ ಐದನೆಯ ಬೆಳಗ್ಗೆ ಹರಿದದ್ದರಿಂದ ನಿಂತಿತೋ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಹೇಳಲಿಕ್ಕೆ ಬರುವುದಿಲ್ಲ" ಎಂದರು. ನನ್ನನ್ನು ಉಳಿಸಲು ಹಾಗೆಂದರೋ, ನಿಜವಾಗಿಯೂ ತಿಳಿಯದೆಯೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಅವನು ಊರಿಗೆ ಹೊರಟ ದಿನ ಅಣ್ಣ ಗಾಡಿ ತಂದಿದ್ದ. ಡಾಕ್ಟರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಅವನು ನೆಟ್ಟಗೆ ನಿಂತು ಸಲ್ಯೂಟ್ ಹೊಡೆಯಲು ಬಲಗೈ ಎತ್ತಿದ. ಕೈ ಗಲ್ಲದವರೆಗೆ ಬಂದು ನಡುಗಿ ನಿಂತಿತು. ಅವನು ಕೈ ಇಳಿಸಲಿಲ್ಲ. ತಲೆಯನ್ನೇ ಬಗ್ಗಿಸಿ ಹಣೆಯನ್ನು ಬೆರಳ ತುದಿಗೆ ತಂದು ಮುಟ್ಟಿಸಿದ. ಡಾಕ್ಟರಮ್ಮ ಕೈಯೆತ್ತಿ ಅದನ್ನು ಸ್ವೀಕರಿಸಿದರು. ಆಮೇಲೆ ಅವನು ನನ್ನ ಕಡೆಗೂ ತಿರುಗಿ ಕೈ ಎತ್ತಲು ಹೊರಟಾಗ, ನಾನು ಬೇಗ ಬಗ್ಗಿ ಅವನ ಟ್ರಂಕನ್ನು ಎತ್ತಿಕೊಂಡು ಗಾಡಿಯ ಕಡೆ ನಡೆದುಬಿಟ್ಟೆ.